ಕಾಂಟ್ರಾಕ್ಟ್ ಕೆಲಸ, ಜೊತೆಗೆ ಕಮಿಷನ್: ಮಡಿಕೇರಿಯಲ್ಲಿ ಮನೆ ಸಾಲ ಸಿಗುತ್ತಾ?

ಕಾಂಟ್ರಾಕ್ಟ್ ಕೆಲಸದ ಜೊತೆ ಹೋಂಸ್ಟೇ ಬುಕಿಂಗ್ ಕಮಿಷನ್ ಬರುತ್ತದೆ, ಸಾಲ ಕೊಡ್ತಾರಾ ಅಂತ ಕೇಳಿದ್ದೀರಿ. ಕೊಡುತ್ತಾರೆ. ಆದರೆ ಬ್ಯಾಂಕಿನವರು ನಿಮ್ಮ ಒಳ್ಳೆಯ ತಿಂಗಳು ನೋಡುವುದಿಲ್ಲ, ಸಾಮಾನ್ಯವಾಗಿ ಎರಡು ಮೂರು ವರ್ಷದ ಸರಾಸರಿ ನೋಡುತ್ತಾರೆ. ಒಂದು ವರ್ಷ ಕಮಿಷನ್ 3.6 ಲಕ್ಷ, ಮರುವರ್ಷ 4.8 ಲಕ್ಷ ಬಂತು ಅಂದುಕೊಳ್ಳಿ. ಸರಾಸರಿ 4.2 ಲಕ್ಷ, ಅಂದರೆ ತಿಂಗಳಿಗೆ 35,000.

ನಾನೂ ಇದೇ ದಾರಿಯಲ್ಲಿ ಬಂದವನು. ಡಿಸೆಂಬರ್‌ನಲ್ಲಿ ನನ್ನ ಪಾಸ್‌ಬುಕ್ ಪುಟ ತುಂಬ ಜಮಾ. ಜುಲೈ ಮಳೆಯಲ್ಲಿ ಒಂದೇ ಒಂದು ಸಾಲು. ಮ್ಯಾನೇಜರ್ ಬೆರಳಿಟ್ಟಿದ್ದು ಆ ಸಾಲಿನ ಮೇಲೆಯೇ. ಆಗ ಕೈ ಹಿಡಿದಿದ್ದು ಐಟಿ ರಿಟರ್ನ್ಸ್ ಮತ್ತು ಟಿಡಿಎಸ್ (ಹಣ ಕೊಡುವವರು ಮೊದಲೇ ಹಿಡಿದು ಕಟ್ಟಿದ ತೆರಿಗೆ) ಕಾಣುವ ತೆರಿಗೆ ಇಲಾಖೆಯ ಪಟ್ಟಿ, ಫಾರ್ಮ್ 26ಎಎಸ್. ಕೈಗೆ ನಗದಾಗಿ ತಗೊಂಡ ಕಮಿಷನ್ ಲೆಕ್ಕಕ್ಕೇ ಬರಲಿಲ್ಲ. ದಯವಿಟ್ಟು ಇವತ್ತಿನಿಂದಲೇ ಎಲ್ಲವನ್ನೂ ಖಾತೆಗೆ ಹಾಕಿಸಿಕೊಳ್ಳಿ. ತೆರಿಗೆ ಉಳಿಸಲು ಖರ್ಚು ಜಾಸ್ತಿ ತೋರಿಸಿದರೆ ಸಾಲದ ಮೊತ್ತವೂ ಕಡಿಮೆಯಾಗುತ್ತದೆ.

ಕಾಂಟ್ರಾಕ್ಟ್ ನವೀಕರಣದ ಹಳೆಯ ಪತ್ರಗಳನ್ನೆಲ್ಲ ಜೋಡಿಸಿಡಿ. ಸಂಬಳದ ಕೆಲಸದಲ್ಲಿರುವ ಹೆಂಡತಿ ಅಥವಾ ಗಂಡ ಸಹ ಅರ್ಜಿದಾರರಾದರೆ ಇನ್ನೂ ಸುಲಭ.

30 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಬೆಲೆಯ ಹೆಚ್ಚೆಂದರೆ 90% ಸಿಗುತ್ತದೆ, ಉಳಿದದ್ದು ನಿಮ್ಮ ಕೈಯಿಂದ.

ನಮ್ಮ ಕೊಡಗಿನಲ್ಲಿ ಆದಾಯಕ್ಕಿಂತ ಜಾಗವೇ ಜಾಸ್ತಿ ತೊಡಕು, ಅಲ್ವಾ? ಜಮ್ಮಾ ಜಾಗವಾಗಿ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಕುಟುಂಬದ ಭೂಮಿ) ಆರ್‌ಟಿಸಿಯಲ್ಲಿ, ಅಂದರೆ ಪಹಣಿಯಲ್ಲಿ, ಇಡೀ ಕುಟುಂಬದ ಹೆಸರಿದ್ದರೆ ಬ್ಯಾಂಕ್ ಹಿಂಜರಿಯುತ್ತದೆ. ಅಡ್ವಾನ್ಸ್ ಕೊಡುವ ಮೊದಲೇ ಆರ್‌ಟಿಸಿ, ಭೂಪರಿವರ್ತನೆ ಆದೇಶ ಎರಡನ್ನೂ ವಕೀಲರಿಗೆ ತೋರಿಸಿ.