ಗಾಲ್ಫ್ ಕಿಟ್ ಹೊತ್ತು ಕೊಡಗಿಗೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾವು ನಾಲ್ವರು ಗೆಳೆಯರು, ಎಲ್ಲರೂ ನಿವೃತ್ತರು, ವಾರಕ್ಕೆರಡು ದಿನ ಗಾಲ್ಫ್ ಆಡುತ್ತೇವೆ. ಮೂರು ದಿನ ಕೊಡಗಿಗೆ ಬಂದು ಆಡಬೇಕು, ಅಲ್ಲಿನ ಊಟವನ್ನೂ ಸರಿಯಾಗಿ ಉಣ್ಣಬೇಕು ಅಂತ ಆಸೆ. ಇಬ್ಬರ ಹೆಂಡತಿಯರೂ ಬರುತ್ತಾರೆ, ಅವರು ಆಡುವುದಿಲ್ಲ. ಯಾವ ತಿಂಗಳು ಬರಬೇಕು, ಎಲ್ಲಿ ಉಳಿಯಬೇಕು? ದಿನಕ್ಕೆ ಎರಡು ರೌಂಡ್ ಹಾಕಬಹುದಾ?
– ಓದುಗರು, ಮೈಸೂರು

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಎರಡು ರೌಂಡ್, ಅಂದರೆ ದಿನಕ್ಕೆ ಎರಡು ಪೂರ್ತಿ ಆಟ, ಬೇಡ ಸರ್. ಇಲ್ಲಿನ ನೆಲ ಮೈಸೂರಿನ ಹಾಗಲ್ಲ, ಏರಿಳಿತ ಜಾಸ್ತಿ, ಒಂದು ರೌಂಡ್ ಮುಗಿಯುವಾಗಲೇ ಕಾಲು ಮಾತಾಡುತ್ತದೆ. ಅದಕ್ಕಿಂತ ಮುಖ್ಯ, ಮಧ್ಯಾಹ್ನ ಊಟಕ್ಕೆ ಕೂತರೆ ಬೇಗ ಏಳಲು ಆಗುವುದಿಲ್ಲ, ಏಳಲೂಬಾರದು. ಬೆಳಿಗ್ಗೆ ಆಟ, ಮಧ್ಯಾಹ್ನ ಊಟ, ಸಂಜೆ ಜಗಲಿಯಲ್ಲಿ ಕಾಫಿ. ಇಷ್ಟೇ ಇಟ್ಟುಕೊಳ್ಳಿ.

ಇನ್ನು ತಿಂಗಳ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಕೊಡಗಿನಲ್ಲಿ ಗಾಲ್ಫ್‌ನ ಕಾಲ ಬೇರೆ, ಕೆಲವು ಅಡುಗೆಗಳ ಕಾಲವೇ ಬೇರೆ. ಬೈಂಬಳೆ ಅಂದರೆ ಎಳೆ ಬಿದಿರಿನ ಕಣಿಲೆ, ಕುಮ್ಮು ಅಂದರೆ ಅಣಬೆ, ಇವೆಲ್ಲ ಮಳೆಗಾಲದ ಸಾಮಾನು. ಕೊಡವರ ಪಂಚಾಂಗದ ಕಕ್ಕಡ ತಿಂಗಳ ಹದಿನೆಂಟನೇ ದಿನ, ಅಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ಸೊಪ್ಪು ಬೇಯಿಸಿದ ನೀರು ಗಾಢ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಮೊದಲ ಸಲ ನೋಡಿದವರು ಬಣ್ಣ ಹಾಕಿದ್ದಾರೆ ಅಂದುಕೊಳ್ಳುತ್ತಾರೆ. ಆದರೆ ಆ ದಿನಗಳಲ್ಲಿ ಗಾಲ್ಫ್ ಆಡಲು ಆಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದರೆ ಬಿಡುವುದಿಲ್ಲ, ಬಿದ್ದ ಚೆಂಡು ಬಿದ್ದಲ್ಲೇ ಕೆಸರಿಗೆ ಕಚ್ಚಿಕೊಳ್ಳುತ್ತದೆ.

ಹಾಗಾಗಿ ನನ್ನ ಸಲಹೆ, ಪುತ್ತರಿ, ಅಂದರೆ ಕೊಡವರ ಸುಗ್ಗಿ ಹಬ್ಬ, ಮುಗಿದ ಮೇಲೆ ಬನ್ನಿ. ಪುತ್ತರಿ ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಬರುತ್ತದೆ, ದಿನವನ್ನು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಗೊತ್ತು ಮಾಡುತ್ತಾರೆ. ಹಬ್ಬದ ದಿನಗಳಲ್ಲೇ ಬಂದರೆ ಹೋಂಸ್ಟೇಯವರು ತಮ್ಮ ಐನ್‌ಮನೆಗೆ (ಕುಟುಂಬದ ಮೂಲಮನೆ), ಕೋಲಾಟದ ಮಂದ್‌ಗೆ (ಊರ ಬಯಲು) ಹೋಗಬೇಕಾಗಿರುತ್ತದೆ, ನಿಮಗೆ ಅಡುಗೆ ಮಾಡಿ ಬಡಿಸಲು ಅವರಿಗೂ ಕಷ್ಟ. ಒಂದು ವಾರ ಬಿಟ್ಟು ಬಂದರೆ ಪುತ್ತರಿ ಗೆಣಸು ಇನ್ನೂ ಸಿಗುತ್ತದೆ, ಕಿತ್ತಳೆ ಬಂದಿರುತ್ತದೆ, ತೋಟದಲ್ಲಿ ಕಾಫಿ ಕೊಯ್ಲು ನಡೆದಿರುತ್ತದೆ. ಆಡದ ಇಬ್ಬರು ಬೆಳಿಗ್ಗೆ ತೋಟ ಸುತ್ತಿ, ಕಣದಲ್ಲಿ ಕಾಫಿ ಹಣ್ಣು ಹರವುವುದನ್ನು ನೋಡಿ, ಆಮೇಲೆ ಮನೆಯವರ ಜೊತೆ ಅಡುಗೆಮನೆಯಲ್ಲಿ ಕೂತರೆ ಅವರಿಗೂ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ಬೈಂಬಳೆ ಬಗ್ಗೆಯೂ ಪೂರ್ತಿ ಆಸೆ ಬಿಡಬೇಡಿ. ಉಪ್ಪುನೀರಲ್ಲಿ ಹಾಕಿಟ್ಟ ಮನೆಗಳಿರುತ್ತವೆ, ಮೊದಲೇ ಕೇಳಿ ನೋಡಿ.

ಕ್ರಿಸ್‌ಮಸ್ ವಾರ ಮತ್ತು ಶನಿವಾರ, ಭಾನುವಾರ ಬೇಡ. ನಿಮಗೆ ರಜೆಯ ತೊಂದರೆ ಇಲ್ಲವಲ್ಲ, ಸೋಮವಾರ ಹೊರಟು ಬುಧವಾರ ವಾಪಸ್ ಹೋಗಿ. ಹುಣಸೂರು, ತಿತಿಮತಿ, ಗೋಣಿಕೊಪ್ಪ ದಾರಿಯಲ್ಲಿ ಬನ್ನಿ. ಉಳಿಯಲು ದಕ್ಷಿಣ ಕೊಡಗೇ ಸರಿ, ಅಮ್ಮತ್ತಿ ಅಥವಾ ಪಾಲಿಬೆಟ್ಟದ ಕಡೆ. ಪಾಲಿಬೆಟ್ಟದಲ್ಲಿ 9 ಹೋಲ್‌ಗಳ ಮೈದಾನವಿದೆ, ಬಂದ ದಿನ ಊಟ ಮಾಡಿ ಸ್ವಲ್ಪ ಮಲಗಿ ಎದ್ದು ಸಂಜೆ ಅಷ್ಟು ಆಡಿದರೆ ಕೈ ಪಳಗುತ್ತದೆ. ಎರಡನೇ ದಿನ ವಿರಾಜಪೇಟೆ–ಗೋಣಿಕೊಪ್ಪ ರಸ್ತೆಯ ಬಿಟ್ಟಂಗಾಲದ ಗಾಲ್ಫ್ ಮೈದಾನ. ಮೂರನೇ ದಿನ ಮಡಿಕೇರಿಯ ಮರ್ಕೆರಾ ಡೌನ್ಸ್ ಗಾಲ್ಫ್ ಕ್ಲಬ್‌ನಲ್ಲಿ ಆಡಿ, ಕುಶಾಲನಗರದ ಮೇಲೆ ಊರಿಗೆ ಹೋಗಬಹುದು. ಇವೆಲ್ಲ ಸುಮ್ನೆ ಹೋಗಿ ಆಡುವ ಜಾಗಗಳಲ್ಲ, ಫೋನ್ ಮಾಡಿ ಅತಿಥಿಗಳಿಗೆ ಅವಕಾಶ ಇದೆಯಾ, ಆ ದಿನ ಟೂರ್ನಮೆಂಟ್ ಏನಾದರೂ ಇದೆಯಾ, ಕಿಟ್ ಹೊರುವ ಕ್ಯಾಡಿ ಸಿಗುತ್ತಾರಾ ಅಂತ ಕೇಳಿಕೊಂಡೇ ಬನ್ನಿ.

ಚಳಿಗಾಲದ ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ದಪ್ಪಗೆ ಕೂತಿರುತ್ತದೆ. ಚೆಂಡು ಉರುಳಿದ ದಾರಿ ಗ್ರೀನ್ (ಹೋಲ್ ಸುತ್ತಲಿನ ನುಣ್ಣನೆ ಹುಲ್ಲು) ಮೇಲೆ ಕಡು ಹಸಿರು ಗೆರೆಯಾಗಿ ಉಳಿಯುತ್ತದೆ, ಸುತ್ತ ನೀರು ಚಿಮ್ಮುತ್ತದೆ, ಚೆಂಡು ಹೋಲ್‌ಗೆ ಎರಡಡಿ ಇರುವಾಗಲೇ ನಿಂತುಬಿಡುತ್ತದೆ. ಮೊದಲ ನಾಲ್ಕೈದು ಹೋಲ್‌ಗಳಲ್ಲಿ ಪಟ್, ಅಂದರೆ ಚೆಂಡನ್ನು ಹೋಲ್ ಕಡೆ ಉರುಳಿಸುವ ಹೊಡೆತ, ಸ್ವಲ್ಪ ಜೋರಾಗಿರಲಿ. ಒಣ ಸಾಕ್ಸ್ ಒಂದು ಜೊತೆ ಕಿಟ್‌ನಲ್ಲಿರಲಿ. ಮತ್ತೆ, ಕತ್ತಲಾಗುವ ಮೊದಲೇ ಮನೆ ಸೇರಿ. ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ ಸುತ್ತಿನ ತೋಟಗಳಲ್ಲಿ ಆನೆ ಓಡಾಡುತ್ತವೆ, ಈ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಊಟ ಎಲ್ಲಿ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮನೆಯವರೇ ಅಡುಗೆ ಮಾಡುವ ಹೋಂಸ್ಟೇ ಹುಡುಕಿ, ಪಂದಿಕರಿ (ಹಂದಿ ಮಾಂಸದ ಸಾರು) ಬೇಕು ಅಂತ ಹಿಂದಿನ ದಿನವೇ ಹೇಳಿ. ಜೀರಿಗೆ, ಕೊತ್ತಂಬರಿ, ಮೆಣಸು, ಸಾಸಿವೆಯನ್ನು ಕಪ್ಪಾಗುವವರೆಗೆ ಹುರಿದು ಪುಡಿ ಮಾಡಬೇಕು, ಮಾಂಸ ಸಣ್ಣ ಉರಿಯಲ್ಲಿ ತನ್ನ ಕೊಬ್ಬಿನಲ್ಲೇ ಬೇಯಬೇಕು. ಕೊನೆಗೆ ಕಾಚಂಪುಳಿ, ಅಂದರೆ ಹಣ್ಣಿನ ರಸ ಕಾಯಿಸಿ ಮಾಡಿದ ಕಪ್ಪು ಹುಳಿ, ಬಿದ್ದಾಗ ಪಾತ್ರೆಯಿಂದ ಏಳುವ ಹುಳಿ ವಾಸನೆಗೆ ಜಗಲಿಯಲ್ಲಿದ್ದವರೂ ಎದ್ದು ಒಳಗೆ ಬರುತ್ತಾರೆ. ಬಿಸಿ ಕಡಂಬುಟ್ಟನ್ನು (ಹಬೆಯಲ್ಲಿ ಬೇಯಿಸಿದ ಅಕ್ಕಿ ಕಡುಬು) ಬೆರಳಲ್ಲಿ ಮುರಿದು ಆ ಕಪ್ಪು ರಸದಲ್ಲಿ ಒತ್ತಿ ತಿನ್ನಿ. ಚಮಚ ಬೇಡ.

ಪ್ರಶ್ನೆ: ಗಾಲ್ಫ್ ಆಡುವ ಗೆಳೆಯರ ಜೊತೆ ಕೊಡಗಿಗೆ ಹೊರಟಿದ್ದೇನೆ. ನಾನೊಬ್ಬನೇ ಸಸ್ಯಾಹಾರಿ. ಮೂರು ದಿನ ಅನ್ನ ಸಾರೇ ಗತಿಯಾ?
– ಓದುಗರು, ಶಿವಮೊಗ್ಗ

ಉತ್ತರ: ಖಂಡಿತ ಅಲ್ಲ. ಒಟ್ಟಿ ಅಂದರೆ ಅಕ್ಕಿ ರೊಟ್ಟಿ, ಅದಕ್ಕೆ ಎಳ್ಳಿನ ಪಜ್ಜಿ (ಚಟ್ನಿ), ನೂಪುಟ್ಟಿಗೆ (ಶಾವಿಗೆ) ಬೆಲ್ಲದ ಕಾಯಿಹಾಲು, ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿಯ ಪಾಪುಟ್ಟಿನ ಮೇಲೆ ತುಪ್ಪ, ಕುಂಬಳಕಾಯಿ ಕರಿ. ಬೇಸಿಗೆಯಲ್ಲಿ ಹೋದರೆ ಕಾಡುಮಾವಿನ ಕರಿ ಕೇಳಿ, ಇಡೀ ಹಣ್ಣನ್ನೇ ಹಾಕಿರುತ್ತಾರೆ, ಓಟೆ ಚೀಪುತ್ತಾ ಕೂತರೆ ಗೆಳೆಯರ ತಟ್ಟೆ ಕಡೆ ನೋಡಲು ಪುರುಸೊತ್ತಿರುವುದಿಲ್ಲ. ಕೋಣೆ ಕಾದಿರಿಸುವಾಗಲೇ ಹೇಳಿ, ಬಂದ ಮೇಲೆ ಹೇಳಿದರೆ ಪಾಪ ಅವರೇನು ಮಾಡಬೇಕು, ಅಲ್ವಾ?

ಪ್ರಶ್ನೆ: ವಾಪಸ್ ಬರುವಾಗ ಕಾಚಂಪುಳಿ ತರಬೇಕು. ಅಸಲಿ ಯಾವುದು ಅಂತ ಹೇಗೆ ಗೊತ್ತಾಗುತ್ತದೆ?
– ಓದುಗರು, ಹಾಸನ

ಉತ್ತರ: ಮಳೆಗಾಲದಲ್ಲಿ ಪುಳಿ ಹಣ್ಣನ್ನು ಬುಟ್ಟಿಗೆ ತುಂಬಿ, ಕೆಳಗೆ ಇಳಿದ ರಸವನ್ನು ಗಂಟೆಗಟ್ಟಲೆ ಕಾಯಿಸುತ್ತಾರೆ. ಹಾಗಾಗಿ ಅಸಲಿ ಕಾಚಂಪುಳಿ ಕಪ್ಪಗೆ, ಮಂದವಾಗಿರುತ್ತದೆ. ಬಾಟಲಿ ಓರೆ ಮಾಡಿ ನೋಡಿ, ನೀರಿನ ಹಾಗೆ ಸರ್ರನೆ ಹರಿದರೆ, ಮುಚ್ಚಳ ತೆಗೆದಾಗ ವಿನೆಗರ್ ಘಾಟು ಮೂಗಿಗೆ ಹೊಡೆದರೆ ಕೊಳ್ಳಬೇಡಿ. ನನಗೆ ರಸ್ತೆ ಬದಿಯ ಅಂಗಡಿಯೊಂದರಲ್ಲಿ ಅಂಥದ್ದು ಸಿಕ್ಕಿ ಒಂದು ಪಾತ್ರೆ ಕರಿ ಹಾಳಾಗಿತ್ತು. ಉಳಿದುಕೊಂಡ ಮನೆಯಲ್ಲೇ ಕೇಳಿ, ಹೆಚ್ಚಿದ್ದರೆ ಕೊಡುತ್ತಾರೆ. ಗಾಜಿನ ಬಾಟಲಿಯಲ್ಲಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಒಂದು ಕಿಲೋ ಮಾಂಸಕ್ಕೆ ಒಂದೆರಡು ಚಮಚ ಸಾಕು, ಮೊದಲ ಸಲ ಒಂದೇ ಚಮಚ ಹಾಕಿ ರುಚಿ ನೋಡಿ.