ಡಯಾಲಿಸಿಸ್ ಶುರುವಾಗುವ ಮೊದಲು ಮನೆಯವರು ತಿಳಿದಿರಬೇಕಾದ್ದು

ತಂದೆಯವರಿಗೆ ಮುಂದಿನ ವಾರ ಡಯಾಲಿಸಿಸ್ ಶುರು, ಎಡಗೈಗೆ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ಎರಡು ರಕ್ತನಾಳ ಜೋಡಿಸಿದ ಜಾಗ) ಮಾಡಿದ್ದಾರೆ, ಮೈಯಲ್ಲಿರುವ ರಕ್ತವೆಲ್ಲ ಹೊರಗೆ ಹೋಗುತ್ತದಲ್ಲ, ಅಪಾಯ ಇಲ್ವಾ ಎಂದು ಕೇಳಿದ್ದೀರಿ.

ನಾನು ಡಯಾಲಿಸಿಸ್ ಟೆಕ್ನಿಷಿಯನ್. ಈ ಭಯ ಹೆಚ್ಚುಕಮ್ಮಿ ಎಲ್ಲರಿಗೂ ಇರುತ್ತದೆ. ಆದರೆ ಯಾವ ಹೊತ್ತಿನಲ್ಲೂ ಹೊರಗಿರುವ ರಕ್ತ ಸುಮಾರು ಕಾಲು ಲೀಟರ್ ಅಷ್ಟೇ. ಅದು ಫಿಲ್ಟರ್‌ನೊಳಗೆ ಹರಿದು, ಕಲ್ಮಶ ಮತ್ತು ಹೆಚ್ಚಿನ ನೀರು ಬಿಟ್ಟು ವಾಪಸ್ ಬರುತ್ತಲೇ ಇರುತ್ತದೆ. ಟ್ಯೂಬಿನಲ್ಲಿ ಗಾಳಿಗುಳ್ಳೆ ಬಂದರೆ ಮೆಷಿನ್ ತಾನೇ ಲೈನ್ ಮುಚ್ಚಿ ಅಲಾರಂ ಹೊಡೆಯುತ್ತದೆ. ನಾನು ಕಂಡಂತೆ ತೊಂದರೆ ಶುರುವಾಗುವುದು ಹೆಚ್ಚಾಗಿ ಮನೆಯಲ್ಲಿ.

ಮೊದಲು ಆ ಕೈ. ದಿನಾ ಬೆಳಿಗ್ಗೆ ಫಿಸ್ಟುಲಾ ಮೇಲೆ ಬೆರಳಿಟ್ಟು ನೋಡಿ, ಝುಂ ಎಂದು ಅದುರುತ್ತಿರಬೇಕು. ಅದುರುವುದು ನಿಂತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಮುಂದಿನ ಡಯಾಲಿಸಿಸ್‌ವರೆಗೆ ಕಾಯದೆ ತಕ್ಷಣ ಫೋನ್ ಮಾಡಿ. ಆ ಕೈಯಲ್ಲಿ ಬಿಪಿ ನೋಡುವುದು, ರಕ್ತ ತೆಗೆಯುವುದು, ಡ್ರಿಪ್ ಹಾಕುವುದು ಬೇಡ. ಬೇರೆ ಆಸ್ಪತ್ರೆಗೆ ಹೋದಾಗ ನೀವೇ ಬಾಯಿಬಿಟ್ಟು ಹೇಳಬೇಕು, ಅಲ್ಲಿನವರಿಗೆ ಗೊತ್ತಿರುತ್ತದೆ ಅಂದುಕೊಳ್ಳಬೇಡಿ. ಸೂಜಿ ಹಾಕಿದ ಜಾಗದಲ್ಲಿ ಕೆಂಪು, ಕೀವು, ಒಣಗದ ಹಕ್ಕಳೆ ಕಂಡರೆ ಅದೇ ದಿನ ತೋರಿಸಿ. ಮನೆಯಲ್ಲಿ ರಕ್ತ ಚಿಮ್ಮಿದರೆ ಬಟ್ಟೆ ಸುತ್ತುತ್ತಾ ಕೂರದೆ, ರಂಧ್ರದ ಮೇಲೇ ಬೆರಳಿಂದ ಬಲವಾಗಿ ಒತ್ತಿ ಹಿಡಿದು ಆಂಬುಲೆನ್ಸ್ ಕರೆಸಿ.

ಇನ್ನು ನೀರಿನ ತೂಕ, ಅಂದರೆ ಎರಡು ಡಯಾಲಿಸಿಸ್ ನಡುವೆ ಮೈಯಲ್ಲಿ ಸೇರಿಕೊಳ್ಳುವ ನೀರು. ಸಾಮಾನ್ಯವಾಗಿ ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ ಡಯಾಲಿಸಿಸ್. ಗಂಟೆಗೆ ಒಂದು ಕೆಜಿ ತೂಕಕ್ಕೆ 13 ಎಂಎಲ್ ಮೀರಿ ನೀರು ತೆಗೆಯದಿರುವುದು ಒಳ್ಳೆಯದು. 60 ಕೆಜಿ ಇದ್ದವರಿಗೆ ಲೆಕ್ಕ ಹಾಕಿದರೆ ಒಂದು ಸಲಕ್ಕೆ 3 ಲೀಟರ್ ಚಿಲ್ಲರೆ. ಅದಕ್ಕಿಂತ ಜಾಸ್ತಿ ಎಳೆದರೆ ಬಿಪಿ ಧಡಕ್ಕನೆ ಇಳಿಯುತ್ತದೆ, ಕಾಲು ಹಿಡಿದುಕೊಳ್ಳುತ್ತದೆ. ಆಗ ರೋಗಿ 'ಸಾಕು, ನಿಲ್ಲಿಸಿ' ಅನ್ನುತ್ತಾರೆ, ನೀರು ಒಳಗೇ ಉಳಿಯುತ್ತದೆ. ಸುಮ್ನೆ ನೀರು ಕುಡಿಯಬೇಡಿ ಎಂದು ಬೈದರೆ ಪ್ರಯೋಜನವಿಲ್ಲ. ಉಪ್ಪು ಕಡಿಮೆ ಮಾಡಿ, ಬಾಯಾರಿಕೆ ತಾನಾಗಿ ತಗ್ಗುತ್ತದೆ.

ಸೆಂಟರಿನಲ್ಲಿ ಒಂದು ಗಮನಿಸಿ. ಒಬ್ಬ ರೋಗಿಯಿಂದ ಇನ್ನೊಬ್ಬರ ಹತ್ತಿರ ಹೋಗುವಾಗ ಸಿಬ್ಬಂದಿ ಕೈ ಶುಚಿ ಮಾಡಿಕೊಂಡು ಗ್ಲೌಸ್ ಬದಲಿಸುತ್ತಾರಾ? ಇಲ್ಲದಿದ್ದರೆ ಕೇಳಿ, ಸಂಕೋಚ ಬೇಡ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ಎಂದೂ ವಿಚಾರಿಸಿ. ಡಯಾಲಿಸಿಸ್ ನಡೆಯುವಾಗ ಚಳಿ, ನಡುಕ, ಎದೆನೋವು ಬಂದರೆ ತಂದೆಯವರು ತಡೆದುಕೊಂಡು ಮಲಗಬಾರದು, ಆಗಲೇ ಹೇಳಬೇಕು.

ಅವರು ಬಿಪಿ ಮಾತ್ರೆ ತಗೊಳ್ಳುತ್ತಿದ್ದರೆ, ಡಯಾಲಿಸಿಸ್ ದಿನ ಯಾವುದನ್ನು ಯಾವಾಗ ತಗೊಳ್ಳಬೇಕು ಎಂದು ಮೊದಲ ದಿನಕ್ಕೆ ಮುಂಚೆಯೇ ಡಾಕ್ಟರಿಂದ ಬರೆಸಿಕೊಳ್ಳಿ.