ಹಿಟ್ಟು ಉಬ್ಬದ ದಿನ ಏನು ಮಾಡುತ್ತೀರಿ?

ಹೊಸದಾಗಿ ಹೋಟೆಲ್ ತೆರೆದಿದ್ದೀರಿ, ಒಮ್ಮೆ ಬಂದವರು ಮತ್ತೆ ಮತ್ತೆ ಬರಬೇಕಾದರೆ ಏನು ಮಾಡಬೇಕು ಅಂತ ಕೇಳಿದ್ದೀರಿ. ನಾನು ತುಮಕೂರಿನಲ್ಲಿ 16 ವರ್ಷದಿಂದ ಸಣ್ಣದೊಂದು ಇಡ್ಲಿ, ದೋಸೆ ಹೋಟೆಲ್ ನಡೆಸುತ್ತಿದ್ದೇನೆ. ನನಗೆ ತಿಳಿದದ್ದನ್ನು ಹೇಳುತ್ತೇನೆ.

ನಾವು ಶುರು ಮಾಡಿದ ಮೊದಲ ಡಿಸೆಂಬರ್. ರಾತ್ರಿ ಚಳಿ ಜಾಸ್ತಿ ಇತ್ತು, ಹಿಟ್ಟು ಉಬ್ಬಲೇ ಇಲ್ಲ. ಇಡ್ಲಿ ಗಟ್ಟಿಯಾಗಿತ್ತು. ಗೊತ್ತಿದ್ದೂ ಬಡಿಸಿದೆ. ಯಾರೂ ಜಗಳ ಮಾಡಲಿಲ್ಲ. ದಿನಾ ಬೆಳಿಗ್ಗೆ ಏಳಕ್ಕೆ ಬರುತ್ತಿದ್ದ ಹಿರಿಯರೊಬ್ಬರು ಅರ್ಧ ಇಡ್ಲಿ ಬಿಟ್ಟು, ದುಡ್ಡು ಕೊಟ್ಟು ಎದ್ದು ಹೋದರು. ಆಮೇಲೆ ಬರಲಿಲ್ಲ. ಎರಡು ತಿಂಗಳ ಮೇಲೆ ಮಾರ್ಕೆಟ್‌ನಲ್ಲಿ ಸಿಕ್ಕಾಗ ಕೇಳಿದೆ. "ಇಡ್ಲಿ ಕೆಡೋದು ಸಹಜ ಕಣಪ್ಪ. ಆದ್ರೆ ನಿಂಗೆ ಗೊತ್ತಿತ್ತು ಅಲ್ವಾ?" ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಅವತ್ತಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಹಿಟ್ಟು ಸರಿ ಬರದಿದ್ದರೆ ಗಲ್ಲಾದಲ್ಲೇ, ದುಡ್ಡು ತೆಗೆದುಕೊಳ್ಳುವ ಮೊದಲೇ ಹೇಳುತ್ತೇನೆ: "ಇವತ್ತು ಇಡ್ಲಿ ಬೇಡ ಸಾರ್, ಉಪ್ಪಿಟ್ಟು ಬಿಸಿಯಾಗಿದೆ." ಕೆಲವರು ಬೇಡ ಅಂತ ಹೋಗುತ್ತಾರೆ. ಆದರೆ ಮಾರನೇ ದಿನ ಬರುತ್ತಾರೆ, ಬಂದು "ಇವತ್ತು ಯಾವ್ದು ಚೆನ್ನಾಗಿದೆ?" ಅಂತ ನನ್ನನ್ನೇ ಕೇಳುತ್ತಾರೆ. ಹಾಗೆ ಕೇಳಿದವರು ಹತ್ತು ವರ್ಷವಾದರೂ ಬಿಟ್ಟು ಹೋಗಿಲ್ಲ.

ದೊಡ್ಡವರೂ ಹೀಗೇ ಮಾಡಿದ್ದಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ಬೆಂಗಳೂರಿನ ಎಂ.ಟಿ.ಆರ್.ನವರು ರವೆಯಲ್ಲಿ ಇಡ್ಲಿ ಮಾಡಿದರು ಅಂತ ಹೇಳುತ್ತಾರೆ. ಸುಮ್ನೆ ಅಕ್ಕಿ ಇಡ್ಲಿಯನ್ನೇ ಕೆಡಿಸಿ ಕೊಡಲಿಲ್ಲ. ರವೆ ಇಡ್ಲಿ ಅಂತ ಹೆಸರಿಟ್ಟೇ ಕೊಟ್ಟರು, ಜನ ಇವತ್ತಿಗೂ ಅದನ್ನು ಕೇಳಿ ತಿನ್ನುತ್ತಾರೆ.

ಕಾಯಿ ಚಟ್ನಿ ಒಂದೇ ಸಲ ರುಬ್ಬಿಡಬೇಡಿ, ಬೇಸಿಗೆಯಲ್ಲಿ ಮಧ್ಯಾಹ್ನದೊಳಗೆ ಹಳಸುತ್ತದೆ. ಡಿಕಾಕ್ಷನ್ ಮತ್ತೆ ಮತ್ತೆ ಕಾಯಿಸಬೇಡಿ, ಕಹಿಯಾಗುತ್ತದೆ. ಸಾಂಬಾರಿನ ಪುಡಿ, ಉಪ್ಪು ಎಲ್ಲದಕ್ಕೂ ಅಳತೆ ಬರೆದಿಡಿ. ಭಟ್ಟರು ಊರಿಗೆ ಹೋದ ದಿನ ರುಚಿಯೂ ಅವರ ಜೊತೆ ಊರಿಗೆ ಹೋಗಬಾರದು.

ಇನ್ನೊಂದು, ಸಪ್ಲೈಯರ್ ಹುಡುಗರಿಗೆ ಸಂಬಳ ಸರಿಯಾದ ದಿನಕ್ಕೆ ಕೊಡಿ. ಯಾರಿಗೆ ಸಕ್ಕರೆ ಇಲ್ಲದ ಕಾಫಿ, ಯಾರಿಗೆ ಚಟ್ನಿ ಜಾಸ್ತಿ ಅನ್ನುವುದು ಅವರಿಗೆ ಗೊತ್ತು, ನಮಗಲ್ಲ. ತಿಂಗಳಿಗೊಬ್ಬ ಹುಡುಗ ಬದಲಾದರೆ ಆ ಗುರುತೆಲ್ಲ ಹೋಯಿತು. ರಿಯಾಯಿತಿ ಕೂಪನ್ ನಾನೂ ಮಾಡಿ ನೋಡಿದೆ. ಕೂಪನ್ ಮುಗಿದ ಮೇಲೆ ಅದಕ್ಕಾಗಿ ಬಂದವರೂ ಬರಲಿಲ್ಲ.

ಬೆಲೆ ಏರಿಸುವಾಗ ಒಂದು ವಾರ ಮೊದಲೇ ಚೀಟಿ ಅಂಟಿಸಿ, ಕೇಳಿದವರಿಗೆ ಕಾರಣ ಹೇಳಿ.

ಆ ಹಿರಿಯರು ಈಗ ಬರುತ್ತಾರೆ, ಮೊಮ್ಮಗಳ ಕೈ ಹಿಡಿದುಕೊಂಡು. ನೀವು ಚಳಿಗಾಲಕ್ಕೆ ಮೊದಲೇ ಹಿಟ್ಟಿನ ಪಾತ್ರೆಗೆ ಬೆಚ್ಚಗಿನ ಜಾಗ ನೋಡಿಕೊಳ್ಳಿ. ನಾವು ಗೋಣಿಚೀಲ ಸುತ್ತಿ ಒಲೆಯ ಪಕ್ಕ ಇಡುತ್ತೇವೆ.